ಋಣ, ಹಂಗು, ದಾಸೋಹ: ಮುಪ್ಪಿನ ತಾಯಿತಂದೆಗಳ ಸೇವೆಯನ್ನು ಕುರಿತು

ಮುಪ್ಪಿನಿಂದ ಕೈ ನಡುಗುವ ತಂದೆಯೊಬ್ಬನಿಗೆ ಮಗನು ಮಣ್ಣಿನ ತಟ್ಟೆಯಲ್ಲಿ, ಮನೆಯ ಮೂಲೆಯಲ್ಲಿ ಅನ್ನ ಹಾಕುತ್ತಿದ್ದನಂತೆ. ಮೊಮ್ಮಗನು ಆ ತಟ್ಟೆಯನ್ನು ದಿನವೂ ತೊಳೆದು ಜೋಪಾನವಾಗಿ ಎತ್ತಿಡುತ್ತಿದ್ದನು. ಏಕೆಂದು ತಂದೆ ಕೇಳಲು, “ನಾಳೆ ನಿನಗೆ ಮುಪ್ಪು ಬಂದಾಗ ಬೇಕಾಗುತ್ತದಲ್ಲ ಅಪ್ಪಾ” ಎಂದು ಹುಡುಗನು ಉತ್ತರವಿತ್ತನು. ನಮ್ಮ ಹಳ್ಳಿಗಳಲ್ಲಿ ಅಜ್ಜಿಯರು ಹೇಳುವ ಈ ಕಥೆ ನಮ್ಮೊಬ್ಬರದೇ ಅಲ್ಲ. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಲ್ಲಿ ಇದೇ ಕಥೆಯಿದೆ. ಅಲ್ಲಿ ನಾಲ್ಕು ವರ್ಷದ ಬಾಲಕನು ಮುಂದೆ ತನ್ನ ತಾಯಿತಂದೆಗಳು ಉಣ್ಣಲೆಂದು ಮರದ ಚೂರುಗಳಿಂದ ದೋಣಿಯೊಂದನ್ನು ಮಾಡತೊಡಗುತ್ತಾನೆ. ಚೀನಾದ ಪ್ರಾಚೀನ ಕಥೆಯಲ್ಲಿ ಯುವಾನ್ ಗು ಎಂಬ ಬಾಲಕನು, ಅಜ್ಜನನ್ನು ಹೊತ್ತೊಯ್ದು ಕಾಡಿನಲ್ಲಿ ಬಿಟ್ಟುಬಂದ ಡೋಲಿಯನ್ನು ಮನೆಗೆ ಹಿಂದಕ್ಕೆ ತರುತ್ತಾನೆ. ಮೂರು ನಾಡುಗಳಲ್ಲಿಯೂ ಮಗನ ಕಣ್ಣು ತೆರೆಯುತ್ತದೆ, ಮುದುಕನು ಮತ್ತೆ ಮನೆಯವನಾಗುತ್ತಾನೆ.

ಕಥೆಯ ನೀತಿ ಸ್ಪಷ್ಟವಾಗಿದೆ. ಆದರೂ ಒಂದು ಸಂಶಯ ಉಳಿಯುತ್ತದೆ. ಮಗನ ಮನಸ್ಸು ಬದಲಾದುದು ತಂದೆಯ ದುಃಖವನ್ನು ಕಂಡಲ್ಲ, ತನಗೆ ಬರಲಿರುವ ಮುಪ್ಪನ್ನು ನೆನೆದು. ಅಂಜಿಕೆಯಿಂದ ಹುಟ್ಟಿದ ಸೇವೆ ಸೇವೆಯೇ? ಹಾಗಲ್ಲವಾದರೆ ತಾಯಿತಂದೆಗಳ ಸೇವೆ ಯಾವ ನೆಲೆಯ ಮೇಲೆ ನಿಲ್ಲಬೇಕು? ಈ ಪ್ರಶ್ನೆಗೆ ಬೇರೆ ಬೇರೆ ಜನಾಂಗಗಳು ಬೇರೆ ಬೇರೆ ಉತ್ತರಗಳನ್ನು ಕೊಟ್ಟಿವೆ. ಆ ಉತ್ತರಗಳ ಬೆಳಕಿನಲ್ಲಿ ಶರಣರ ನಿಲುವನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಭಾರತದ ವೈದಿಕ ಪರಂಪರೆಯು ಕೊಟ್ಟ ಉತ್ತರ ‘ಋಣ’. ತೈತ್ತಿರೀಯ ಸಂಹಿತೆಯ ಪ್ರಕಾರ ಬ್ರಾಹ್ಮಣನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆ. ಬ್ರಹ್ಮಚರ್ಯದಿಂದ ಋಷಿಋಣವೂ ಯಜ್ಞದಿಂದ ದೇವಋಣವೂ ಸಂತಾನದಿಂದ ಪಿತೃಋಣವೂ ತೀರಬೇಕು. ‘ಪುತ್’ ಎಂಬ ನರಕದಿಂದ ಪಾರುಮಾಡುವವನಾದ್ದರಿಂದ ಮಗನು ‘ಪುತ್ರ’ನೆಂದು ಮನುಸ್ಮೃತಿಯು ಆ ಶಬ್ದವನ್ನು ಬಿಡಿಸುತ್ತದೆ. ಈ ಕಲ್ಪನೆಯ ಹಿರಿಮೆಯನ್ನು ಅಲ್ಲಗಳೆಯಲಾಗದು. ಮನುಷ್ಯನು ತನ್ನಷ್ಟಕ್ಕೆ ತಾನೇ ಆದವನಲ್ಲ, ಪಡೆದು ಬಂದವನು ಎಂಬ ಅರಿವು ಅದರಲ್ಲಿದೆ. ಉಪನಿಷತ್ತು ತಾಯಿತಂದೆಗಳನ್ನು ದೇವರೆಂದು ಕಾಣಲು ಹೇಳಿದುದೂ, ಶ್ರವಣಕುಮಾರನ ಕಥೆ ಮನೆಮಾತಾದುದೂ ಈ ಅರಿವಿನಿಂದಲೇ. ಆದರೆ ಋಣವೆಂಬುದು ಲೆಕ್ಕದ ಮಾತು. ಲೆಕ್ಕವಿದ್ದಲ್ಲಿ ತೀರಿಕೆಯೂ ಇರುತ್ತದೆ. ಬದುಕಿದ್ದಾಗ ನೀಡದ ತುತ್ತನ್ನು ಸತ್ತ ಮೇಲೆ ಪಿಂಡವಾಗಿ ನೀಡಿ ಲೆಕ್ಕ ಮುಗಿಸಬಹುದೆಂಬ ಭ್ರಮೆಗೆ ಅಲ್ಲಿ ದಾರಿಯುಂಟು. ಋಣ ತೀರಿಸುವವನು ಮಗನೇ ಆದ್ದರಿಂದ ಮಗಳ ಪಾಲಿಗೆ ಹೊಣೆಯೂ ಇಲ್ಲ, ಹಕ್ಕೂ ಇಲ್ಲ. ಭಕ್ತಿಪಂಥವು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. ತಾಯಿತಂದೆಗಳ ಸೇವೆ ಮುಗಿಯುವವರೆಗೆ ಬಾಗಿಲಿಗೆ ಬಂದ ವಿಠ್ಠಲನನ್ನೇ ಇಟ್ಟಿಗೆಯ ಮೇಲೆ ನಿಲ್ಲಿಸಿದ ಪಂಢರಪುರದ ಪುಂಡಲೀಕನ ಕಥೆಯಲ್ಲಿ ಸೇವೆ ಸಲ್ಲುವುದು ಜೀವಂತ ತಾಯಿತಂದೆಗಳಿಗೆ.

ಚೀನಾ ದೇಶದ ಉತ್ತರವು ‘ಷಿಯಾವ್’ ಎಂಬ ಒಂದೇ ಶಬ್ದದಲ್ಲಿ ಅಡಗಿದೆ. ತಾಯಿತಂದೆಗಳಲ್ಲಿ ಮಕ್ಕಳಿಗಿರಬೇಕಾದ ಭಯಭಕ್ತಿ ಎಂದು ಅದನ್ನು ಸ್ಥೂಲವಾಗಿ ಅರ್ಥೈಸಬಹುದು. ಕ್ರಿ. ಪೂ. 551ರಿಂದ 479ರವರೆಗೆ ಬಾಳಿದನೆಂದು ಪರಂಪರೆ ಹೇಳುವ ಕನ್‌ಫ್ಯೂಷಿಯಸ್ ಇದನ್ನು ಸಕಲ ಸದ್ಗುಣಗಳ ಬುಡದಲ್ಲಿರಿಸಿದನು. ಆತನ ವಿಚಾರದಲ್ಲಿ ಎರಡು ಅಂಶಗಳು ಗಮನಾರ್ಹ. ಹೊಟ್ಟೆಗೆ ಹಾಕಿದ ಮಾತ್ರಕ್ಕೆ ಸೇವೆಯಾಗದು, ನಾಯಿ ಕುದುರೆಗಳಿಗೂ ಜನ ಮೇವು ಹಾಕುತ್ತಾರೆ, ಗೌರವವಿಲ್ಲದಿದ್ದರೆ ಎರಡಕ್ಕೂ ಭೇದವೇನು ಎಂದು ಆತನು ಕೇಳಿದನು. ತಾಯಿತಂದೆಗಳ ಮರಣಾನಂತರ ಮೂರು ವರ್ಷ ಶೋಕಾಚರಣೆ ಏಕೆಂಬ ಶಿಷ್ಯನೊಬ್ಬನ ಪ್ರಶ್ನೆಗೆ, ಮಗುವು ಮೂರು ವರ್ಷ ತುಂಬುವವರೆಗೆ ಅವರ ತೋಳುಗಳನ್ನು ಬಿಟ್ಟಿರಲಿಲ್ಲವಲ್ಲ ಎಂಬುದೇ ಆತನ ಸಮಾಧಾನ. ಇಲ್ಲಿಯೂ ಪಡೆದುದರ ನೆನಪಿದೆ. ಆದರೆ ಒತ್ತು ಬೀಳುವುದು ಅನ್ನದ ಮೇಲಲ್ಲ, ಅನ್ನ ಇಕ್ಕುವಾಗಿನ ಮುಖಭಾವದ ಮೇಲೆ.

ಇಂಥ ಸೂಕ್ಷ್ಮವಾದ ಭಾವವೂ ಕಾಲಕ್ರಮದಲ್ಲಿ ಬಿಗಿದುಕೊಂಡು ನೊಗವಾಯಿತು. ಯುವಾನ್ ವಂಶದ ಆಳಿಕೆಯಲ್ಲಿ ಸಂಕಲಿತವಾದ ಇಪ್ಪತ್ತುನಾಲ್ಕು ಪಿತೃಭಕ್ತರ ಕಥೆಗಳಲ್ಲಿ ಗುವೋ ಜು ಎಂಬುವನ ಕಥೆಯಿದೆ. ಬಡತನದಲ್ಲಿ ತಾಯಿಯ ಪಾಲಿನ ಅನ್ನಕ್ಕೆ ಕೊರತೆಯಾಗುವುದೆಂದು ಅವನು ಹಸುಳೆಯನ್ನು ಹೂಳಲು ಗುಂಡಿ ತೋಡುತ್ತಾನೆ. ಆ ಗುಂಡಿಯಲ್ಲಿ ಹೊನ್ನು ದೊರೆತು ಮಗು ಉಳಿಯುತ್ತದೆ. ಚೀನಾದ ಆಧುನಿಕ ಸಾಹಿತ್ಯದ ಆಚಾರ್ಯಪುರುಷನಾದ ಲೂ ಷುನ್, ತಾನು ಬಾಲ್ಯದಲ್ಲಿ ಈ ಕಥೆಯನ್ನು ಓದಿ ತನ್ನ ತಂದೆಯೂ ಇಂಥ ಪಿತೃಭಕ್ತನಾದರೆ ತನ್ನ ಗತಿಯೇನೆಂದು ನಡುಗಿದುದನ್ನು 1926ರ ಪ್ರಬಂಧವೊಂದರಲ್ಲಿ ಬರೆದಿದ್ದಾನೆ. ಅದಕ್ಕೂ ಮೊದಲು, 1919ರಲ್ಲಿ, ಮಕ್ಕಳನ್ನು ಹೆತ್ತುದು ಅವರ ಮೇಲೆ ಮಾಡಿದ ಉಪಕಾರವಲ್ಲ, ತಂದೆಮಕ್ಕಳ ಸಂಬಂಧ ಉಪಕಾರದ ಲೆಕ್ಕದ ಮೇಲೆ ನಿಲ್ಲದೆ ಪ್ರೀತಿಯ ಮೇಲೆ ನಿಲ್ಲಬೇಕೆಂದು ಆತನು ವಾದಿಸಿದ್ದನು. ಅದೇ ನಾಡಿನಲ್ಲಿ ವೃದ್ಧರ ಹಕ್ಕುಗಳ ರಕ್ಷಣೆಗೆಂದು 1996ರಲ್ಲಿ ಆದ ಕಾಯಿದೆಯನ್ನು ಪರಿಷ್ಕರಿಸಿ, ದೂರದಲ್ಲಿರುವ ಮಕ್ಕಳು ಆಗಾಗ ಬಂದು ತಾಯಿತಂದೆಗಳನ್ನು ನೋಡಬೇಕೆಂಬ ವಿಧಿಯನ್ನು 2013ರ ಜುಲೈ 1ರಿಂದ ಜಾರಿಗೆ ತರಬೇಕಾಯಿತು. ಎರಡೂವರೆ ಸಾವಿರ ವರ್ಷ ಪಿತೃಭಕ್ತಿಯನ್ನು ಬೋಧಿಸಿದ ನಾಡಿಗೂ ಈ ವಿಧಿ ಅಗತ್ಯವಾಯಿತೆಂಬುದು ವಿಚಾರಯೋಗ್ಯ ಸಂಗತಿ.

ಪಾಶ್ಚಾತ್ಯರು ತಾಯಿತಂದೆಗಳನ್ನು ಕೈಬಿಟ್ಟವರೆಂಬ ಮಾತು ನಮ್ಮಲ್ಲಿ ಸುಲಭವಾಗಿ ಕೇಳಿಬರುತ್ತದೆ. ಆ ಮಾತು ಪೂರ್ತಿ ನಿಜವಲ್ಲ. ಜರ್ಮನಿ, ಆಸ್ಟ್ರಿಯಾಗಳ ರೈತನು ಮುಪ್ಪಿನಲ್ಲಿ ಹೊಲವನ್ನು ಮಗನಿಗೆ ವಹಿಸುವಾಗ ಕರಾರು ಬರೆಯಿಸುತ್ತಿದ್ದನು. ತನಗೂ ಹೆಂಡತಿಗೂ ವಾಸಕ್ಕೆ ಯಾವ ಕೋಣೆ, ವರ್ಷಕ್ಕೆ ಎಷ್ಟು ಧಾನ್ಯ, ಎಷ್ಟು ಸೌದೆ, ಎಷ್ಟು ಹಾಲು ಎಂಬುದೆಲ್ಲ ಅದರಲ್ಲಿ ನಮೂದಾಗುತ್ತಿತ್ತು. ಇಂಗ್ಲೆಂಡಿನಲ್ಲಿ 1601ರ ದೀನರಕ್ಷಣೆಯ ಕಾಯಿದೆಯು ಕೈಲಾಗದ ತಾಯಿತಂದೆಗಳನ್ನು ಪೋಷಿಸುವ ಹೊಣೆಯನ್ನು ಶಕ್ತರಾದ ಮಕ್ಕಳ ಮೇಲೆ ಹೊರಿಸಿತು. ದಿಕ್ಕಿಲ್ಲದವರ ಭಾರವನ್ನು ಊರೇ ಹೊತ್ತುಕೊಂಡಿತು. ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ರಚಿತವಾದುದು ಇದಾದ ಕೆಲವೇ ವರ್ಷಗಳಲ್ಲಿ. ಕರಾರಿಲ್ಲದೆ, ಬರಿಯ ಸವಿಮಾತನ್ನು ನಂಬಿ ರಾಜ್ಯವನ್ನು ಹಂಚಿಕೊಟ್ಟ ಮುದುಕನು ಬಿರುಗಾಳಿಗೆ ಸಿಕ್ಕ ಕಥೆ ಅದು. ಸಿಹಿಮಾತಿನ ಇಬ್ಬರು ಹೆಣ್ಣುಮಕ್ಕಳು ಅವನನ್ನು ಹೊರಗಟ್ಟಿದರು; ಅತಿಯಾಗಿ ಆಡಲೊಲ್ಲದ ಕಿರಿಯ ಮಗಳೇ ಕೊನೆಗೆ ಅವನ ಬಳಿಗೆ ಬಂದಳು.

ಮುಂದೆ ಆ ಹೊಣೆ ಕ್ರಮವಾಗಿ ಮಕ್ಕಳಿಂದ ಸರ್ಕಾರಕ್ಕೆ ವರ್ಗವಾಯಿತು. ಜರ್ಮನಿಯಲ್ಲಿ 1889ರಲ್ಲಿ ವೃದ್ಧಾಪ್ಯ ವಿಮೆಯ ಕಾಯಿದೆಯಾಯಿತು. ಇಂಗ್ಲೆಂಡಿನ 1908ರ ಕಾಯಿದೆಯಂತೆ ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ ಐದು ಷಿಲಿಂಗಿನವರೆಗೆ ವೇತನ ದೊರೆಯತೊಡಗಿತು. 1948ರ ಕಾಯಿದೆಯು ದೀನರಕ್ಷಣೆಯ ಹಳೆಯ ಪದ್ಧತಿಯನ್ನು ಕೊನೆಗಾಣಿಸಿದಾಗ, ತಾಯಿತಂದೆಗಳನ್ನು ಪೋಷಿಸಬೇಕೆಂಬ ಕಾನೂನಿನ ಕಟ್ಟು ಅಲ್ಲಿಯ ಮಕ್ಕಳ ಮೇಲಿಂದ ಹೋಯಿತು. ಕಟ್ಟು ಹೋದೊಡನೆ ಕರುಳು ಹೋಯಿತೆಂದು ತಿಳಿಯಬೇಕಾಗಿಲ್ಲ. ಅಲ್ಲಿಯ ಎಷ್ಟೋ ವೃದ್ಧರು ಮಕ್ಕಳ ಪ್ರೀತಿಯನ್ನು ಬಯಸುತ್ತಾರೆ, ಮಕ್ಕಳ ಮೇಲೆ ಭಾರವಾಗಿರುವುದನ್ನು ಬಯಸುವುದಿಲ್ಲ. ಅಷ್ಟರ ಮಟ್ಟಿಗೆ ಇದು ಸ್ವಾಭಿಮಾನದ ಮಾರ್ಗ. ಇದರ ಕೊರತೆಯೆಂದರೆ ವೇತನವು ತಾನಾಗಿ ಮನೆಗೆ ಬರುತ್ತದೆ, ಮಾತನಾಡಿಸುವವರು ಹಾಗೆ ಬರುವುದಿಲ್ಲ.

ಋಣ, ಭಯಭಕ್ತಿ, ಕರಾರು ಎಂಬ ಈ ಮೂರು ನೆಲೆಗಳನ್ನು ಕಂಡ ಮೇಲೆ ಶರಣರ ಕಡೆಗೆ ತಿರುಗಬಹುದು. ಇಲ್ಲಿ ಮೊದಲು ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ವೀರಶೈವನಿಗೆ ಶ್ರಾದ್ಧವಿಲ್ಲ, ಪಿಂಡವಿಲ್ಲ, ಸೂತಕವಿಲ್ಲ. ದೀಕ್ಷೆಯಿಂದ ಅವನು ಗುರುಕರಜಾತನಾಗುತ್ತಾನೆ, ಹುಟ್ಟಿನ ಸಂಬಂಧವು ಪೂರ್ವಾಶ್ರಯವೆನಿಸಿ ಹಿಂದೆ ಸರಿಯುತ್ತದೆ. ಬಸವಣ್ಣನವರು ತಮ್ಮ ವಚನಗಳಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರನ್ನೇ ತಂದೆಯ, ಹಿರಿಯರ ಸ್ಥಾನದಲ್ಲಿರಿಸಿ ತಮ್ಮ ವಂಶವನ್ನು ಹೇಳಿಕೊಂಡರು. ಅಕ್ಕಮಹಾದೇವಿಯು ಅಸಂಖ್ಯಾತರೇ ತನಗೆ ತಾಯಿತಂದೆಗಳೆಂದು ಸಾರಿದಳು. ಭವಿಗಳಾದ ಬಂಧುಗಳ ಸಂಗವನ್ನು ತೊರೆಯಬೇಕೆನ್ನುವ ಕಠಿಣ ವಚನಗಳೂ ಇವೆ. ಹೀಗಿರುವಲ್ಲಿ ಹೆತ್ತವರ ಹೊಣೆಯನ್ನು ಶರಣಧರ್ಮವು ಸಡಿಲಿಸಿತಲ್ಲವೇ ಎಂಬುದು ಆ ಆಕ್ಷೇಪ.

ಆಕ್ಷೇಪವು ಹುರುಳಿಲ್ಲದ್ದೆಂದು ತಳ್ಳುವಂತಿಲ್ಲ. ಹೆತ್ತವರ ಸೇವೆಯನ್ನೇ ವಿಷಯವಾಗಿಸಿಕೊಂಡ ವಚನಗಳು ವಿರಳ. ಆದರೆ ಶರಣರು ಬಿಟ್ಟುದು ಏನನ್ನು ಎಂಬುದನ್ನು ಸರಿಯಾಗಿ ಗ್ರಹಿಸಬೇಕು. ಅವರು ಬಿಟ್ಟುದು ಹುಟ್ಟಿನ ಅಧಿಕಾರವನ್ನು ಮತ್ತು ಸತ್ತವರ ಹೆಸರಿನ ಕರ್ಮವನ್ನು, ಬದುಕಿರುವವರ ಹಸಿವನ್ನಲ್ಲ. ಕಲ್ಲಿನ ನಾಗರಕ್ಕೆ ಹಾಲೆರೆದು ಜೀವವಿರುವ ನಾಗರವನ್ನು ಹೊಡೆಯಹೋಗುವವರನ್ನೂ, ಉಣ್ಣಲಾರದ ಲಿಂಗದ ಮುಂದೆ ಎಡೆಯಿಟ್ಟು ಹಸಿದು ಬಂದ ಜಂಗಮವನ್ನು ಅಟ್ಟುವವರನ್ನೂ ಬಸವಣ್ಣನವರು ಒಂದೇ ವಚನದಲ್ಲಿ ನಿಲ್ಲಿಸಿ ತೋರಿಸಿದ್ದಾರೆ. ಆ ವಚನದ ನ್ಯಾಯವನ್ನು ಮನೆಯೊಳಕ್ಕೆ ತಂದರೆ ಅರ್ಥ ತಾನೇ ಹೊಳೆಯುತ್ತದೆ. ಉಣ್ಣಬಲ್ಲ ತಾಯಿಗೆ ಅನ್ನ ತಪ್ಪಿಸಿ, ಉಣ್ಣಲಾರದ ತಾಯಿಗೆ ಎಡೆಯಿಡುವುದು ಅದೇ ಕಲ್ಲನಾಗರದ ಪೂಜೆ. ಕಾಗೆಯ ದೃಷ್ಟಾಂತವೂ ಇಲ್ಲಿ ಸ್ಮರಣೀಯ. ಶ್ರಾದ್ಧದಲ್ಲಿ ಕಾಗೆಯು ಪಿತೃಗಳ ಪರವಾಗಿ ಪಿಂಡವನ್ನು ಮುಟ್ಟಲು ಬರುವ ಪಕ್ಷಿ. ಬಸವಣ್ಣನವರ ವಚನದಲ್ಲಾದರೋ ಅದು ಒಂದಗುಳನ್ನು ಕಂಡರೂ ಬಳಗವನ್ನು ಕೂಗಿ ಕರೆದು ಹಂಚಿಕೊಳ್ಳುವ ಪಕ್ಷಿ. ಅದರಿಂದ ಶಿವಭಕ್ತನು ಪಾಠ ಕಲಿಯಬೇಕಾಗಿದೆ.

ಶರಣಚರಿತ್ರೆಗಳೂ ಈ ಪ್ರಶ್ನೆಯನ್ನು ಹಗುರವಾಗಿ ಕಂಡಿಲ್ಲ. ಬಸವಣ್ಣನವರು ಮನೆಬಿಟ್ಟ ಪ್ರಸಂಗವನ್ನು ಭೀಮಕವಿಯ ಬಸವಪುರಾಣವು (1369), ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನು ಅನುಸರಿಸಿ, ಉಪನಯನದ ವಿಷಯದಲ್ಲಿ ತಂದೆಮಗನ ನಡುವೆ ನಡೆದ ವಾದವಾಗಿ ಚಿತ್ರಿಸುತ್ತದೆ. ಅದಕ್ಕಿಂತ ಹಿಂದಿನವನಾದ ಹರಿಹರನು ತನ್ನ ರಗಳೆಯಲ್ಲಿ ಬೇರೆ ದಾರಿ ಹಿಡಿದಿದ್ದಾನೆ. ಅಲ್ಲಿ ತಾಯಿತಂದೆಗಳು ಮೊದಲೇ ತೀರಿಕೊಳ್ಳುತ್ತಾರೆ, ಬಾಲಕನು ಮುತ್ತಬ್ಬೆಯ ಪೋಷಣೆಯಲ್ಲಿ ಬೆಳೆಯುತ್ತಾನೆ, ಅನಂತರವೇ ಜನಿವಾರವನ್ನು ಕಳೆದು ಕಪ್ಪಡಿಸಂಗಮಕ್ಕೆ ಹೊರಡುತ್ತಾನೆ. ಒಂದು ಕಥನದಲ್ಲಿ ಸತ್ಯಕ್ಕಾಗಿ ತಂದೆಯನ್ನು ಎದುರಿಸಿದ ಮಗನಿದ್ದಾನೆ, ಇನ್ನೊಂದರಲ್ಲಿ ಯಾವ ವೃದ್ಧ ತಂದೆಯ ಕೈಯನ್ನೂ ಬಿಡಿಸಿಕೊಳ್ಳಬೇಕಾಗದ ಮಗನಿದ್ದಾನೆ. ಅಕ್ಕನ ಕಥೆಯಲ್ಲಿ ಹರಿಹರನು ಈ ಬಿಕ್ಕಟ್ಟನ್ನು ಇನ್ನೂ ಆಳವಾಗಿ ಮುಟ್ಟುತ್ತಾನೆ. ಕೌಶಿಕನ ಕಡೆಯವರು ಅವಳ ತಾಯಿತಂದೆಗಳ ಪ್ರಾಣಕ್ಕೆ ಬೆದರಿಕೆಯೊಡ್ಡಿದಾಗ, ಚೆನ್ನಮಲ್ಲಿಕಾರ್ಜುನನಿಗೆ ಮನಸ್ಸನ್ನು ಒಪ್ಪಿಸಿದ ಮಹಾದೇವಿಯು ಕಟ್ಟಳೆಗಳನ್ನು ವಿಧಿಸಿ ಅರಮನೆಗೆ ಹೋಗಲು ಒಪ್ಪುತ್ತಾಳೆ. ತನ್ನ ವ್ರತವನ್ನು ಬಿಡದೆ ಹೆತ್ತವರನ್ನು ಉಳಿಸಿಕೊಳ್ಳುವ ದಾರಿ ಅದು. ಮುಂದೆ ಎಲ್ಲವನ್ನೂ ತೊರೆದು ನಡೆದ ಅಕ್ಕನನ್ನು ಮಾತ್ರ ನೆನೆಯುವವರು ಈ ಅಕ್ಕನನ್ನೂ ನೆನೆಯಬೇಕು.

ಧರ್ಮವನ್ನೇ ನೆಪಮಾಡಿಕೊಂಡು ಹೆತ್ತವರನ್ನು ಮರೆಯುವ ಅಪಾಯ ಎಲ್ಲ ಮತಗಳಲ್ಲಿಯೂ ಉಂಟು. ತಮ್ಮ ಸೊತ್ತನ್ನು ದೇವರಿಗೆ ಮೀಸಲೆಂದು ಹೇಳಿ ತಾಯಿತಂದೆಗಳಿಗೆ ಏನನ್ನೂ ಕೊಡದೆ ನುಣುಚಿಕೊಳ್ಳುವವರನ್ನು ಯೇಸುಕ್ರಿಸ್ತನು ಖಂಡಿಸಿದ ಪ್ರಸಂಗವು ಮಾರ್ಕನ ಸುವಾರ್ತೆಯಲ್ಲಿದೆ. ಗೌತಮಬುದ್ಧನು ತನ್ನ ತಂದೆಯಾದ ಶುದ್ಧೋದನನ ಕೋರಿಕೆಯಂತೆ, ತಾಯಿತಂದೆಗಳ ಅನುಮತಿಯಿಲ್ಲದೆ ಯಾರಿಗೂ ಪ್ರವ್ರಜ್ಯೆ ಕೊಡಬಾರದೆಂದು ನಿಯಮ ಮಾಡಿದನು. ಸಂನ್ಯಾಸಿಯಾದ ಶಂಕರಾಚಾರ್ಯರು ಕೊಟ್ಟ ಮಾತಿನಂತೆ ತಾಯಿಯ ಕೊನೆಗಾಲಕ್ಕೆ ಬಂದರೆಂದು ಅವರ ಚರಿತ್ರೆಗಳು ಹೇಳುತ್ತವೆ. ಸಕಲ ಪ್ರಾಣಿಗಳಲ್ಲಿ ದಯೆಯಿರಬೇಕೆಂದು ಬಸವಣ್ಣನವರು ವಿಧಿಸಿರುವಾಗ, ಆ ಸಕಲರಲ್ಲಿ ಹೆತ್ತ ತಾಯಿ ಸೇರುವುದಿಲ್ಲವೆಂದು ಯಾವ ಭಕ್ತನೂ ಹೇಳಲಾರನು.

ಹಾಗಾದರೆ ಋಣವಲ್ಲದ, ಅಂಜಿಕೆಯಲ್ಲದ, ಕರಾರೂ ಅಲ್ಲದ ಆ ನೆಲೆ ಯಾವುದು? ಶರಣರ ಶಬ್ದಕೋಶದಲ್ಲಿ ಅದಕ್ಕೆ ‘ದಾಸೋಹ’ವೆಂದು ಹೆಸರು. ಶಾಸ್ತ್ರರೀತ್ಯಾ ದಾಸೋಹವು ಗುರುಲಿಂಗಜಂಗಮಕ್ಕೆ ಸಲ್ಲತಕ್ಕದ್ದು ಎಂಬುದು ನಿಜ. ಆದರೆ ಪಂಚಾಚಾರಗಳಲ್ಲಿ ಒಂದಾದ ಭೃತ್ಯಾಚಾರವು ಶಿವಭಕ್ತರೆಲ್ಲರಿಗೂ ತಾನು ಕಿಂಕರನೆಂದು ನಡೆಯುವುದನ್ನು ಕಲಿಸುತ್ತದೆ. ಬೀದಿಯ ಭಕ್ತನಿಗೆ ಬಾಗಿದ ತಲೆ ಮನೆಯೊಳಗಿನ ಹಿರಿಯ ಭಕ್ತರಿಗೆ ಬಾಗದಿದ್ದರೆ ಆ ಆಚಾರ ಪೂರ್ಣವಾಗುವುದು ಹೇಗೆ? ಆದ್ದರಿಂದ ದಾಸೋಹದ ಲಕ್ಷಣಗಳನ್ನು ತಾಯಿತಂದೆಗಳ ಸೇವೆಗೆ ಅನ್ವಯಿಸುವುದು ಅಸಂಗತವಾಗಲಾರದು.

ದಾಸೋಹದ ಮೊದಲನೆಯ ಲಕ್ಷಣ ಶುದ್ಧವಾದ ಗಳಿಕೆ. ಸತ್ಯಶುದ್ಧ ಕಾಯಕದಿಂದ ಬಂದುದು ಮಾತ್ರ ಅದಕ್ಕೆ ಸಲ್ಲುತ್ತದೆ. ಹೆಚ್ಚಾದ ಅಕ್ಕಿಯನ್ನು ಪತಿಯ ಕೈಯಲ್ಲಿ ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಮನೆಯಲ್ಲಿ ಆಡಂಬರಕ್ಕೆ ಎಡೆಯಿರಲಿಲ್ಲ, ದಾಸೋಹಕ್ಕೆ ಕೊರತೆಯೂ ಇರಲಿಲ್ಲ. ಎರಡನೆಯದು ‘ನಾನು’ ಎಂಬುದರ ಲಯ. ಮಾಡಿದೆನೆಂಬ ಎಣಿಕೆ ಮನದಲ್ಲಿ ಸುಳಿದರೆ ಸಾಕು, ಆ ಮಾಟವೇ ಮಾಡಿದವನನ್ನು ಕಾಡುವುದೆಂದು ಬಸವಣ್ಣನವರು ಎಚ್ಚರಿಸಿದ್ದಾರೆ. ಋಣವನ್ನು ತೀರಿಸುವವನು ತೀರಿಸಿದೆನೆಂದು ನಿಟ್ಟುಸಿರು ಬಿಡಬಹುದು. ದಾಸೋಹಿಗೆ ಅಂಥ ದಿನ ಬರುವುದಿಲ್ಲ, ಬರಬೇಕೆಂಬ ಬಯಕೆಯೂ ಇರುವುದಿಲ್ಲ. ಮೂರನೆಯದು, ಪಡೆಯುವವನು ಕೀಳಲ್ಲವೆಂಬ ತಿಳಿವು. ದಾನದಲ್ಲಿ ಕೈಯೊಡ್ಡಿದವನು ಕೆಳಗಿರುತ್ತಾನೆ, ದಾಸೋಹದಲ್ಲಿ ನೀಡುವವನು ಕೆಳಗಿರುತ್ತಾನೆ.

ಈ ಮೂರನೆಯ ಲಕ್ಷಣವೇ ವೃದ್ಧರ ಪಾಲಿಗೆ ಅತ್ಯಂತ ಬೆಲೆಯುಳ್ಳದ್ದು. ಮುಪ್ಪು ಬರುವ ಮುನ್ನ ಶಿವನನ್ನು ಪೂಜಿಸೆಂದು ಹೇಳುವ ಪ್ರಸಿದ್ಧ ವಚನದಲ್ಲಿ ಬಸವಣ್ಣನವರು ನರೆ, ಸುಕ್ಕು, ಬಿದ್ದ ಹಲ್ಲು, ಬಾಗಿದ ಬೆನ್ನು, ಊರುಗೋಲುಗಳ ಜೊತೆಗೆ ‘ಹಂಗು’ ಎಂಬುದನ್ನೂ ಎಣಿಸಿದ್ದಾರೆ. ದೇಹದ ಕುಂದುಗಳ ಸಾಲಿನಲ್ಲಿ ಮನಸ್ಸಿನ ಈ ಕುಂದು ನಿಂತಿರುವುದು ಅರ್ಥಪೂರ್ಣವಾಗಿದೆ. ಮುದುಕನಿಗೆ ಹಲ್ಲು ಹೋದುದಕ್ಕಿಂತ ಹೆಚ್ಚು ನೋವು ಕೊಡುವುದು ಇನ್ನೊಬ್ಬರ ಹಂಗಿನಲ್ಲಿ ಉಣ್ಣಬೇಕಾದುದು. ಪಾಶ್ಚಾತ್ಯ ವೃದ್ಧನು ಈ ಹಂಗಿನಿಂದ ಪಾರಾಗಲು ವೇತನದ ಮೊರೆಹೊಕ್ಕನು. ಶರಣಧರ್ಮವು ಸೂಚಿಸುವ ದಾರಿ ಬೇರೆ: ನೀಡುವವನೇ ತನ್ನ ನೀಡಿಕೆಯಲ್ಲಿರುವ ಹಂಗನ್ನು ತೆಗೆದುಹಾಕಬೇಕು. ಅನ್ನ ಒಂದೇ ಆದರೂ ಹಂಗಿನ ಅನ್ನ ಬೇರೆ, ಪ್ರಸಾದ ಬೇರೆ. ಲಿಂಗಜಂಗಮಗಳಿಗೂ ಕಾಯಕದಿಂದ ವಿನಾಯಿತಿಯಿಲ್ಲವೆಂದ ನುಲಿಯ ಚಂದಯ್ಯನ ನಿಲುವನ್ನೂ ಇಲ್ಲಿ ನೆನೆಯಬಹುದು. ಮುಪ್ಪಿನವರನ್ನು ಗೌರವದ ಹೆಸರಿನಲ್ಲಿ ಸುಮ್ಮನೆ ಕೂರಿಸಿಬಿಡುವುದು ಗೌರವವಲ್ಲ. ಕೈಲಾದಷ್ಟು ಕಾಳು ಹಸನು ಮಾಡುವ, ಮೊಮ್ಮಕ್ಕಳಿಗೆ ಪಾಠ ಹೇಳುವ, ದನಕ್ಕೆ ನೀರು ತೋರಿಸುವ ಕಾಯಕ ಉಳಿದಿರುವವರೆಗೆ ಅವರಿಗೆ ಮನೆಯಲ್ಲಿ ಹಂಗಿಲ್ಲ.

ಭಾರತದ ಕಾನೂನು ಇಂದು ಈ ವಿಷಯದಲ್ಲಿ ಕೈಯಿಕ್ಕಿದೆ. 2007ರಲ್ಲಿ ಆದ ತಾಯಿತಂದೆಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣದ ಕಾಯಿದೆಯ ಪ್ರಕಾರ ಮಕ್ಕಳಿಂದ ಜೀವನಾಂಶ ಕೇಳಿ ನ್ಯಾಯಮಂಡಳಿಗೆ ಹೋಗಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ, ಹಿಂದಕ್ಕೆ ಪಡೆಯಬಹುದು. ಮಗಳೂ ಈ ಹೊಣೆಗೆ ಒಳಪಟ್ಟವಳು. ಮದುವೆಯಾದ ಮಗಳಿಗೂ ತಾಯಿತಂದೆಗಳನ್ನು ಪೋಷಿಸುವ ಹೊಣೆಯುಂಟೆಂದು ಸರ್ವೋಚ್ಚ ನ್ಯಾಯಾಲಯವು 1987ರಲ್ಲಿಯೇ ತೀರ್ಪಿತ್ತಿತ್ತು. ಹೆಣ್ಣಿಗೂ ಇಷ್ಟಲಿಂಗವನ್ನು ಕೊಟ್ಟ, ಪುತ್ರನಿಂದಲೇ ಸದ್ಗತಿಯೆಂಬುದನ್ನು ಒಪ್ಪದ ಶರಣಪರಂಪರೆಗೆ ಇದು ಹೊಸ ಮಾತಲ್ಲ. ಆದರೂ ಕಾನೂನು ಅನ್ನವನ್ನು ಕೊಡಿಸೀತು, ಅಕ್ಕರೆಯನ್ನು ಕೊಡಿಸಲಾರದು. ಹೊಡೆತ ತಿಂದವನಿಗೆ ಅದು ಬೇಕೇಬೇಕು. ಮನೆಯ ನಡೆವಳಿಕೆಗೆ ಅದೇ ಆಧಾರವಾದರೆ ಮನೆ ಕಚೇರಿಯಾಗುತ್ತದೆ.

ದೂರದೇಶಗಳಲ್ಲಿ ನೆಲೆಸಿದ ಮಕ್ಕಳು ಕಳಿಸುವ ಹಣವನ್ನು ಹಗುರವಾಗಿ ಕಾಣಬಾರದು. ಅದೂ ಕಾಯಕದ ಫಲವೇ. ಆದರೆ ಹಣ ಕಳಿಸಿದೆನೆಂಬ ಎಣಿಕೆಯಲ್ಲಿ ವಾರಕ್ಕೊಂದು ಮಾತನ್ನು ಮರೆತರೆ ಅದು ದಾಸೋಹವಾಗದೆ ಕಂದಾಯವಾಗುತ್ತದೆ. ಊರಿನಲ್ಲಿಯೇ ಇರುವವರೂ ತಮ್ಮನ್ನು ತಾವು ನೋಡಿಕೊಳ್ಳಬೇಕಾಗಿದೆ. ಎಷ್ಟೋ ಮನೆಗಳಲ್ಲಿ ಮಗನು ಪಿತೃಭಕ್ತನೆನಿಸಿಕೊಳ್ಳುತ್ತಾನೆ, ಹಾಸಿಗೆ ಹಿಡಿದ ಮಾವನ ಮೈ ಒರೆಸುವವಳು ಸೊಸೆ. ಒಬ್ಬಳ ಕಾಯಕದಿಂದ ಇನ್ನೊಬ್ಬನು ಕೀರ್ತಿ ಪಡೆಯುವುದನ್ನು ಶರಣರು ಒಪ್ಪಲಾರರು. ಅಂತೆಯೇ, ಬದುಕಿದ್ದಾಗ ಔಷಧಿಗೆ ಹಣವಿಲ್ಲವೆಂದು, ಲಿಂಗೈಕ್ಯರಾದ ಮೇಲೆ ಸಾವಿರ ಜನಕ್ಕೆ ಗಣಾರಾಧನೆಯ ಊಟವಿಕ್ಕುವ ಮನೆಗಳೂ ಸಮಾಜದಲ್ಲಿವೆ. ಪಿಂಡವನ್ನು ಬಿಟ್ಟ ಜನ ಅದರ ಭ್ರಮೆಯನ್ನು ಬೇರೊಂದು ಹೆಸರಿನಲ್ಲಿ ಉಳಿಸಿಕೊಳ್ಳುವುದಾದರೆ, ಬಿಟ್ಟುದರ ಫಲವೇನು?

ಮೊದಲಿಗೆ ಹೇಳಿದ ಕಥೆಯ ಬಾಲಕನು ಮಣ್ಣಿನ ತಟ್ಟೆಯನ್ನು ಎತ್ತಿಟ್ಟು ತನ್ನ ತಂದೆಗೆ ಮುಂದಿನ ಭಯವನ್ನು ತೋರಿಸಿದನು. ಆ ಭಯದಿಂದಾದರೂ ಅಜ್ಜನಿಗೆ ಒಳ್ಳೆಯ ತಟ್ಟೆ ದೊರೆಯಿತೆಂಬುದು ಸಂತೋಷದ ಸಂಗತಿಯೇ. ಆದರೆ ಶರಣನ ಮನೆಯಲ್ಲಿ ಆ ಬಾಲಕನು ಮಾತನಾಡಬೇಕಾದ ಸಂದರ್ಭವೇ ಬರಬಾರದು. ಅಲ್ಲಿ ತಾಯಿತಂದೆಗಳು ಮಕ್ಕಳ ಪಂಕ್ತಿಯಲ್ಲಿಯೇ ಕುಳಿತು, ಅದೇ ಪಾತ್ರೆಯ ಅನ್ನವನ್ನು ಪ್ರಸಾದವೆಂದು ಉಣ್ಣುತ್ತಾರೆ. ಇಕ್ಕಿದವರಿಗೆ ಇಕ್ಕಿದೆವೆಂಬುದು ತೋರುವುದಿಲ್ಲ, ಉಂಡವರಿಗೆ ಹಂಗೆಂಬುದು ತೋರುವುದಿಲ್ಲ.